ಹತ್ತನೆಯ ಸುಣ್ಣ

"ಕೇಳಿರಪ್ಪೋ ಕೇಳಿ! ಅರಮನೆ ಕೊಳ್ಳಲು ಬಂದಿರುವ ಹಡಗಿನ ವರ್ತಕಿ ಪದುಮಲೆ ಮೂರು ಒಗಟು ಹಾಕಿದ್ದಾಳೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ. ರಾಜ ಮಾಚರಸರ ಅಪ್ಪಣೆ!"

ಡಂಗುರದವನು ಇಷ್ಟು ಕೂಗಿ ಮುಂದಿನ ಬೀದಿಗೆ ಹೋದ. ರಾಜ ಇರುವ ಅರಮನೆಯನ್ನೇ ಯಾಕೆ ಮಾರುತ್ತಾನೆ ಎಂದು ಕೇಳುವ ಧೈರ್ಯ ಕಲ್ಲೂರುಕೋಟೆಯಲ್ಲಿ ಯಾರಿಗೂ ಇರಲಿಲ್ಲ. ಮಾರುವ ಮುಂಚೆ ಅವನು ಬಾಗಿಲುಗಳಿಗೆ ಚಿನ್ನದ ರೇಕು ಹೊಡೆಸಿದ್ದ, ಗೋಡೆಗಳ ಮೇಲೆ ಆನೆ ಬರೆಸಿದ್ದ, ಅಡುಗೆಮನೆಯ ಮಾಡಿಗೆ ನೀಲಿ ಬಳಿಸಿ ನಕ್ಷತ್ರ ಇಡಿಸಿದ್ದ. ಯಾವ ಸಾರು ಕುದಿಸಲು ನಕ್ಷತ್ರ ಬೇಕಿತ್ತೋ ಅವನಿಗೇ ಗೊತ್ತು. ಆದರೂ ಬಂದ ಮೂವರು ಗಿರಾಕಿಗಳು ಒಂದು ಸುತ್ತು ಹಾಕಿ, ಮೂಗು ಮುಚ್ಚಿಕೊಂಡು, "ಯೋಚಿಸಿ ಹೇಳ್ತೀವಿ" ಎಂದು ಹೋದವರು ತಿರುಗಿ ಬರಲಿಲ್ಲ.

ಆ ಸಿಟ್ಟೆಲ್ಲ ಸುಣ್ಣ ಹೊಡೆಯುವ ಮುದ್ದನ ಮೇಲೆ ತಿರುಗಿತು. ದೊಡ್ಡ ಪಡಸಾಲೆಯ ಪಡುವಣ ಗೋಡೆಗೆ ಅವನು ಒಂಬತ್ತು ಸಲ ಸುಣ್ಣ ಹೊಡೆದಿದ್ದ. ಒಂಬತ್ತು ಸಲವೂ ಹಕ್ಕಳೆ ಎದ್ದು ಉದುರಿತ್ತು. "ಗೋಡೆ ಒಳಗಿಂದಲೇ ಒದ್ದೆ, ಬುದ್ಧೀ" ಎಂದದ್ದಕ್ಕೆ ಬಾಯಿಗೆ ಪೆಟ್ಟು ಬಿತ್ತು. ಹತ್ತನೆಯದೂ ಉದುರಿದಾಗ ಸೆರೆಮನೆ. ಪದುಮಲೆಯೂ ಕೊಳ್ಳದೆ ಹೋದರೆ ಅವನನ್ನು ಶೂಲಕ್ಕೇರಿಸುವುದೆಂದು ತೀರ್ಮಾನವಾಗಿತ್ತು. ಅವನಿಗಿದ್ದವಳು ತಂಗಿ ದುರುಗಿ ಒಬ್ಬಳೇ, ಅಣ್ಣನಿಗೆ ಸುಣ್ಣ ಕಲಸಿ ಕೊಡುವವಳು. ಡಂಗುರ ಕೇಳಿದವಳೇ ಅರಮನೆಗೆ ಓಡಿದಳು.

ಪಡಸಾಲೆಯಲ್ಲಿ ರಾಜನ ಆಸ್ಥಾನ ಸೇರಿತ್ತು. ಪದುಮಲೆ ಪಡುವಣ ಗೋಡೆಗೆ ಮುಖ ಮಾಡಿ ಕೂತಿದ್ದಳು. ನರೆತ ತಲೆಯ, ನಿಧಾನ ಮಾತಿನ ಹೆಂಗಸು.

"ನಾನು ಕೊಳ್ಳೋ ಮನೇಲಿ ಮೂರನ್ನ ನೋಡ್ತೀನಿ. ಇಲ್ಲಿ ಮೂರನ್ನೂ ಮುಚ್ಚಿಟ್ಟಿದ್ದಾರೆ" ಎಂದಳು. "ಒಬ್ಬನಿಗೆ ಎಷ್ಟು ಸಲ ಬಿಳಿ ಅಂಗಿ ತೊಡಿಸಿದರೂ ಕೈಯಿಲ್ಲದೆ ಹರಿದು ಹಾಕ್ತಾನೆ, ಕಣ್ಣಿಗೆ ಮರೆಮಾಡಿದರೆ ಮೂಗಿಗೆ ಸಿಗ್ತಾನೆ. ಅವನು ಯಾರು? ಒಬ್ಬಳು ತಾನು ಉಣ್ಣೋದಿಲ್ಲ, ಉಂಡವರ ಮನೇಲೇ ಬೆಳೀತಾಳೆ, ನೆತ್ತಿ ಮೇಲೆ ತಲೆಕೆಳಗಾಗಿ ತೂಗ್ತಾಳೆ. ಅವಳು ಯಾರು? ಮನೆ ಬಿಡೋರು ಎದೇಲಿ ಮುಚ್ಚಿಟ್ಟುಕೊಂಡು ಹೋಗೋದು, ಬರೋರು ಎಲ್ಲಕ್ಕಿಂತ ಮೊದಲು ಕೇಳೋದು, ಕೊಟ್ಟರೆ ಖರ್ಚಿಲ್ಲದಿದ್ದರೂ ಯಾರೂ ಕೊಡದೆ ಇರೋದು. ಅದು ಯಾವುದು? ಸಂಜೆವರೆಗೆ ಕಾಯ್ತೀನಿ, ಉತ್ತರ ಸಿಗದಿದ್ದರೆ ಕೊಳ್ಳೋದಿಲ್ಲ."

ಖಜಾಂಚಿ ಸೋಮರಸ ಎದ್ದು, "ಮುಚ್ಚಿಟ್ಟರೂ ಹೊರಗೆ ಬರುವವನು ನಮ್ಮ ಪ್ರಭುಗಳ ಕೀರ್ತಿ" ಎಂದ. ಪದುಮಲೆ ಅಲ್ಲವೆಂದು ತಲೆಯಾಡಿಸಿದಳು. ಅವನನ್ನು ಎಳೆದೊಯ್ದರು. ಆಸ್ಥಾನದ ಕವಿ, "ಮೋಡದ ಅಂಗಿ ಹರಿಯುವವನು ಚಂದ್ರ" ಎಂದು ರಾಗವಾಗಿ ಹೇಳಿದ. ಅವನೂ ಹೋದ.

"ನಾನು ಮನೆ ಕೊಳ್ಳೋಕೆ ಬಂದೆ, ತಲೆ ಕೊಳ್ಳೋಕಲ್ಲ. ನಿಲ್ಲಿಸಿ!" ಎಂದು ಪದುಮಲೆ ಚೀರಿದಳು. ರಾಜ ಕೇಳಲಿಲ್ಲ.

ಸತ್ತವರಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಖಜಾಂಚಿ ದಿನಾ ಒರಗುತ್ತಿದ್ದದ್ದು ಅದೇ ಗೋಡೆಗೆ, ಅವನ ಅಂಗಿಯ ಬೆನ್ನು ದಿನಾ ಒದ್ದೆಯಾಗುತ್ತಿತ್ತು. ಆದರೆ ರಾಜನ ಮುಂದೆ ರಾಜನ ಮನೆಯ ಹುಳುಕನ್ನು ಎತ್ತಿ ಆಡುವವರು ಯಾರು?

ಬಾಗಿಲಲ್ಲಿ ನಿಂತಿದ್ದ ದುರುಗಿ ಇದನ್ನೆಲ್ಲ ಕಂಡಳು. ನಿಜ ಹೇಳಿದರೆ ರಾಜ ಬಿಡುವುದಿಲ್ಲ, ಸುಮ್ಮನಿದ್ದರೆ ಅಣ್ಣ ಉಳಿಯುವುದಿಲ್ಲ. ಅಳು ಬಂತು. ಅಳುತ್ತಲೇ ಮುಂದೆ ಬಂದಳು.

"ಮೊದಲನೆಯವನು ತೇವ, ಅಮ್ಮಾ. ಈ ಗೋಡೆಗೆ ಹತ್ತು ಸಲ ಸುಣ್ಣ ತೊಡಿಸಿದ್ದು ನಾವೇ. ಇದರ ಹಿಂದೆ ತಾವರೆಕೊಳ ಇದೆ, ನೀರು ಪಾಯಕ್ಕೇ ಇಳಿದಿದೆ. ಎರಡನೆಯವಳು ಅಡುಗೆಮನೆ ಇಲ್ಲಣ. ಒಲೆ ಉರಿದ ಮನೇಲಿ ಮಸಿ ತೂಗಲೇಬೇಕು. ಅದು ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಹೊಗೆ ನಿಲ್ಲುತ್ತೆ ಅಂತ ಕೊಳ್ಳೋರಿಗೆ ತಿಳಿಯುತ್ತೆ. ಅದನ್ನ ಕೆರೆದು ನಕ್ಷತ್ರ ಬರೆದರು."

"ಮೂರನೆಯದು?"

ದುರುಗಿ ರಾಜನ ಕಡೆ ನೋಡಿದಳು. ಹಿತ್ತಿಲಲ್ಲಿ ಸುಣ್ಣ ಕಲಸುವಾಗ ಒಳಗಿನ ಕೋಣೆಯಿಂದ ಅವಳಿಗೆ ದಿನಾ ಒಂದು ಸದ್ದು ಕೇಳುತ್ತಿತ್ತು.

"ಮನೆ ಮಾರೋ ಕಾರಣ" ಎಂದಳು. "ಬುದ್ಧಿಯೋರ ಮಗು ಎದೆ ಒಡೆಯೋ ಹಾಗೆ ಕೆಮ್ಮುತ್ತೆ."

"ಹಿಡೀರಿ ಇವಳನ್ನ!" ಎಂದು ಮಾಚರಸ ಎದ್ದ. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು, ನಿಲ್ಲಲೇ ಇಲ್ಲ. ರಾಜ ಹಾಗೇ ಕುಸಿದು ಕೂತ.

"ಎಂಟು ವರ್ಷದ ಕೂಸು" ಎಂದ. "ಬೆಟ್ಟದ ಮೇಲೆ ಒಣ ಗಾಳೀಲಿ ಮನೆ ಕಟ್ಟದಿದ್ದರೆ ಮುಂದಿನ ಮಳೆಗಾಲ ಕಾಣೋದಿಲ್ಲ ಅಂದರು ವೈದ್ಯರು. ಖಜಾನೆ ಬರಿದು. ನಿಜ ಹೇಳಿದರೆ ಯಾರು ಕೊಳ್ತಾರೆ?"

"ನಾನು ಕೊಳ್ತೀನಿ" ಎಂದಳು ಪದುಮಲೆ. "ನನಗೆ ಇದು ಮಲಗೋಕಲ್ಲ, ಹಡಗಿನ ತೇಗದ ದಿಮ್ಮಿ ಇಡೋಕೆ. ತೇವದಲ್ಲಿದ್ದರೆ ಮರ ಒಣಗಿ ಬಿರಿಯೋದಿಲ್ಲ. ಆದರೆ ಮುಚ್ಚಿಟ್ಟ ಮನೆ ನಾನು ಮುಟ್ಟೋಳಲ್ಲ. ಬೆಳಿಗ್ಗೆ ನೀವೇ ಬಾಯಿಬಿಟ್ಟು ಹೇಳಿದ್ದರೆ ಬೆಳಿಗ್ಗೆಯೇ ಕೊಳ್ಳುತ್ತಿದ್ದೆ. ಆ ಇಬ್ಬರು ಈಗ ಊಟಕ್ಕೆ ಮನೆಗೆ ಹೋಗಿರುತ್ತಿದ್ದರು."

ರಾಜ ದುರುಗಿಯ ಕಡೆ ತಿರುಗಿದ. "ಏನು ಬೇಕು ಕೇಳಮ್ಮ. ಸೋಮರಸನ ಮನೆ ದೊಡ್ಡದು, ತಗೋ" ಎಂದ.

"ಅದರಲ್ಲಿ ಅವರ ಹೆಂಡತಿ ಮಕ್ಕಳಿದ್ದಾರೆ, ಬುದ್ಧೀ. ನನಗೆ ಅಣ್ಣ ಸಾಕು."

ಪದುಮಲೆ ಅವಳ ಒಡೆದ ಅಂಗೈ ಹಿಡಿದಳು. "ಇನ್ನು ಮೇಲೆ ನಾನು ಕೊಳ್ಳೋ ಪ್ರತಿ ಮನೆ ಗೋಡೆನೂ ಮೊದಲು ನೀನು ಮುಟ್ಟಿ ನೋಡಬೇಕು ಮಗಳೇ. ನೀನು ಹೂಂ ಅಂದರೇ ವ್ಯಾಪಾರ, ಲಾಭದಲ್ಲಿ ನಿನಗೂ ಪಾಲು."

ಮುದ್ದನನ್ನು ಕರೆತಂದರು. ತುಟಿ ಇನ್ನೂ ಊದಿತ್ತು. ತಂಗಿಯನ್ನು ಕಂಡವನು ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಗೋಡೆ ಒದ್ದೆ ಅಂತ ಇವರಿಗೆ ಗೊತ್ತಾಯ್ತಾ?" ಎಂದ.

"ಗೊತ್ತಾಯ್ತು ಅಣ್ಣ. ಎಲ್ಲರಿಗೂ ಗೊತ್ತಾಯ್ತು."

ಮುದ್ದ ಅಲ್ಲೇ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತ.