ಮರಳಿನ ಮೇಲೆ ಎಂಟು ಗುರುತು

ದೀಪಾವಳಿ ಮುಗಿದ ಮೂರನೆಯ ದಿನ ಮರಿಸ್ವಾಮಿ ನದಿದಂಡೆಯ ಆಶ್ರಮಕ್ಕೆ ಬಂದ.

ಆಲೆಮನೆಯ ಗಾಣಕ್ಕೆ ಸಿಕ್ಕಿ ಅವನ ಎಡಗೈ ಮೊಣಕೈಯ ಕೆಳಗೆ ಅರ್ಧ ಹೋಗಿತ್ತು. ಆಮೇಲೆ ಎರಡು ವರ್ಷ ಅವನು ಮನೆಯ ಮೂಲೆ ಬಿಟ್ಟಿರಲಿಲ್ಲ. ಬೆನ್ನು ಬಾಗಿತ್ತು. ಹತ್ತು ಮೆಟ್ಟಿಲಿಗೇ ಏದುಸಿರು.

ಆಶ್ರಮದಲ್ಲಿ ನಿಯಮ ಒಂದೇ. ರಥಸಪ್ತಮಿಯ ಬೆಳಿಗ್ಗೆ ಗುರುಗಳ ಮುಂದೆ ಒಂದು ಸೂರ್ಯನಮಸ್ಕಾರ ಸರಿಯಾಗಿ ಮಾಡಿದವನು ಶಿಷ್ಯ. ಮಾಡಲಾಗದವನು ಊರಿಗೆ ವಾಪಸ್.

ಪರೀಕ್ಷೆ ಒದ್ದೆ ಮರಳಿನ ಮೇಲೆ. ನಮಸ್ಕಾರದ ನಡುವೆ ಮೈ ನೆಲಕ್ಕಿಳಿದಾಗ ಎಂಟು ಗುರುತು ಬೀಳಬೇಕು: ಎರಡು ಪಾದ, ಎರಡು ಮಂಡಿ, ಎರಡು ಕೈ, ಎದೆ, ಗದ್ದ. ಹೊಟ್ಟೆ ತಾಕಬಾರದು.

"ನಿಂದು ಏಳೇ ಕಣಯ್ಯ," ಎಂದ ಅಡುಗೆಮನೆ ನೋಡಿಕೊಳ್ಳುವ ಹಿರಿಯ ಶಿಷ್ಯ ಶಿವನಂಜ. "ಸುಮ್ನೆ ಯಾಕೆ ಒದ್ದಾಡ್ತೀಯ? ಸಂಜೆ ಬಸ್ಸಿದೆ."

ಮರಿಸ್ವಾಮಿ ಮಾಡಿ ನೋಡಿದ. ಬಲಗೈ ನಡುಗಿತು. ಮೂಗು ಮರಳಿಗೆ ಬಡಿಯಿತು.

"ಇಲ್ಲದ ಕೈ ಎಲ್ಲಿಂದ ತರ್ಲಿ ಗುರುಗಳೇ?" ಎಂದ, ಪಕ್ಕದಲ್ಲಿ ನೋಡುತ್ತ ನಿಂತಿದ್ದ ಗುರುಗಳಿಗೆ.

"ಇರೋ ಕೈ ನೋಡು."

ಮರಳಿನಲ್ಲಿ ಅಂಗೈಯ ಬುಡ ಆಳವಾಗಿ ಮೂಡಿತ್ತು. ಬೆರಳುಗಳ ಗುರುತೇ ಇರಲಿಲ್ಲ.

"ಐದು ಜನ ಕೆಲಸಕ್ಕೇ ಬಂದಿಲ್ಲ," ಎಂದು ಗುರುಗಳು ಹೊರಟುಹೋದರು.

ಮಾರನೆಯ ದಿನದಿಂದ ಮರಿಸ್ವಾಮಿ ಬೆರಳು ಅಗಲಿಸಿ ಒತ್ತಿದ. ಇಳಿಯುವಾಗ ಉಸಿರು ಬಿಟ್ಟ. ಏಳುವಾಗ ತೆಗೆದುಕೊಂಡ. ಮೊದಲ ವಾರ ದಿನಕ್ಕೆ ಒಂದು ನಮಸ್ಕಾರ. ನಾಲ್ಕನೆಯ ವಾರ ಆರು. ಎಂಟನೆಯ ವಾರ ಹನ್ನೆರಡು.

ಬೆನ್ನು ನೆಟ್ಟಗಾಯಿತು. ರಾತ್ರಿ ಮಲಗಿದರೆ ಬೆಳಿಗ್ಗೆಯೇ ಎಚ್ಚರ. ನದಿಯ ನಲವತ್ತು ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದ.

"ಆದ್ರೂ ಏಳೇ," ಎಂದ ಶಿವನಂಜ.

ಒಂದು ದಿನ ಗುರುಗಳು ಮರಿಸ್ವಾಮಿಯ ಎಡಗೈಗೆ ಸುತ್ತಿದ್ದ ಟವೆಲ್ ತೋರಿಸಿದರು. "ಒಳಗೇನಿದೆ?"

"ಮೋಟುಗೈ, ಗುರುಗಳೇ. ನೋಡೋರಿಗೆ ಚೆನ್ನಾಗಿರಲ್ಲ ಅಂತ ಸುತ್ಕೊಂಡಿದ್ದೀನಿ."

ಗುರುಗಳು ಟವೆಲ್ ಬಿಚ್ಚಿ ತಮ್ಮ ತಲೆಗೆ ಸುತ್ತಿಕೊಂಡರು. "ಈಗ?"

ಮರಿಸ್ವಾಮಿಗೆ ನಗು ಬಂತು. "ಚೆನ್ನಾಗಿದೆ."

"ಹಾಗಾದ್ರೆ ಇದು ನನಗಿರಲಿ."

ಟವೆಲ್ ವಾಪಸ್ ಬರಲಿಲ್ಲ.

ರಥಸಪ್ತಮಿ. ನದಿಯಾಚೆ ಸೂರ್ಯ ಕಂಡ. ಆಶ್ರಮದವರೆಲ್ಲ ದಂಡೆಯಲ್ಲಿ ನಿಂತಿದ್ದರು.

ಮರಿಸ್ವಾಮಿ ಕೈ ಎತ್ತಿದ, ಬಾಗಿದ, ಕಾಲುಗಳನ್ನು ಹಿಂದಕ್ಕೆ ಚಾಚಿದ. ಬಲಗೈಯೊಂದರ ಮೇಲೆ ಇಡೀ ಮೈ ನಿಧಾನವಾಗಿ ಇಳಿಯಿತು. ನಡುಗಲಿಲ್ಲ. ಮಂಡಿ, ಎದೆ, ಗದ್ದ ನೆಲ ಮುಟ್ಟಿದವು. ಆಮೇಲೆ ಎಡಭುಜ ತಗ್ಗಿತು. ಮೋಟುಗೈ ಮರಳಿನಲ್ಲಿ ಊರಿತು. ಹಾಗೇ ಒಂದು ಗಳಿಗೆ ಇದ್ದು, ಎದ್ದು, ನಮಸ್ಕಾರ ಮುಗಿಸಿ ಪಕ್ಕಕ್ಕೆ ಸರಿದ.

ಗುರುಗಳು ಸುತ್ತ ನಡೆದು ಎಣಿಸಿದರು. ಎಡಗಡೆ ಬಟ್ಟಲಿನಂಥ ಗುಳಿಯ ಹತ್ತಿರ ನಿಂತರು.

"ಅದು ಕೈ ಅಲ್ಲ ಗುರುಗಳೇ!" ಎಂದ ಶಿವನಂಜ.

"ಮತ್ತೆ ಯಾರ ಕಾಲು?"

ದಂಡೆಯೆಲ್ಲ ನಕ್ಕಿತು.

"ಎಂಟು," ಎಂದರು ಗುರುಗಳು. "ಬಾರಯ್ಯ ಶಿಷ್ಯ."

ಮರಿಸ್ವಾಮಿ ಎರಡೂ ಕೈಗಳನ್ನು ಸೂರ್ಯನತ್ತ ಎತ್ತಿ ಕೂಗಿದ. ಕೂಗು ಆಚೆ ದಡ ಮುಟ್ಟಿ ಬಂತು. ಏದುಸಿರಿರಲಿಲ್ಲ.

ಶಿವನಂಜ ಮುಂದೆ ಬಂದ. "ಸರಿಯಾದ ನಮಸ್ಕಾರ ಹೇಗಿರ್ತದೆ ಅಂತ ಎಲ್ಲರೂ ನೋಡಲಿ. ನಂದೂ ಎಣಿಸಿ." ಸರಸರ ಮಾಡಿ ಮುಗಿಸಿದ.

ಗುರುಗಳು ಎಣಿಸಿದರು. ನಡುವೆ ದುಂಡಗೆ ಒಂದು ದೊಡ್ಡ ಹಳ್ಳ. ಮತ್ತೊಮ್ಮೆ ಎಣಿಸಿದರು.

"ನಿಂದು ಒಂಬತ್ತು."