ಚೌಕಾಸಿಗೆ ಅಂದ ಮಾತು

ಮಠದ ಶಿಷ್ಯ ಗದಿಗಯ್ಯ ಓಡುತ್ತಾ ಮಠಕ್ಕೆ ಬಂದ. ಬಂದವನೇ ಬಾಗಿಲು ಮುಚ್ಚಿ ಅಗಳಿ ಹಾಕಿದ.

ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರು ಹೊಳೆ ಕಡೆಯ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಯಾಕೋ, ಹುಲಿ ಬಂತೇನು?" ಎಂದರು.

"ಮಂದಿ ಸೇರ್ಯಾರ್ರೀ ಅಜ್ಜಾರ. ನೀಲವ್ವನ ಮನಿ ಮುಂದ. ಕೈಯಾಗ ಬಡಿಗಿ ಹಿಡದಾರ."

ನೀಲವ್ವ ಎಮ್ಮೆ ಕಟ್ಟಿಕೊಂಡು ಸಂತೆಯಲ್ಲಿ ತುಪ್ಪ ಮಾರುವ ಒಂಟಿ ಹೆಂಗಸು. ಮಠದ ಅಡುಗೆಗೂ ಅವಳದೇ ತುಪ್ಪ.

"ಯಾಕಂತ?"

"ಆಕಿ ತುಪ್ಪದಾಗ ಏನೋ ಬೆರಸ್ಯಾಳಂತ. ಒಂದು ಕೂಸು ತಿಂದು ವಾಂತಿ ಮಾಡಿಕೊಂಡೈತಂತ. ಊರೆಲ್ಲಾ ಅದ ಮಾತು."

"ಮೊದಲು ಹೇಳಿದವ್ರು ಯಾರು?"

ಗದಿಗಯ್ಯ ತಲೆ ತಗ್ಗಿಸಿದ.

"ನಾನರೀ."

ಸೋಮವಾರದ ಸಂತೆಯಲ್ಲಿ ಅವನು ನೀಲವ್ವನ ಹತ್ತಿರ ಚೌಕಾಸಿ ಮಾಡಿದ್ದ. ಚೌಕಾಸಿ ಅಂದಮೇಲೆ ಕೇಳಬೇಕೆ? ಕೊಳ್ಳುವವನು ಮಾಲನ್ನು ಹಳಿಯಬೇಕು, ಮಾರುವವಳು ಆಣೆ ಇಡಬೇಕು, ಕೊನೆಗೆ ಇಬ್ಬರೂ ನಗಬೇಕು. "ಯಾಕೋ ವಾಸನಿ ಬ್ಯಾರೆ ಐತಲ್ಲವ್ವಾ, ಏನರೆ ಬೆರಸೀಯೇನು?" ಅಂದಿದ್ದ. ನೀಲವ್ವ ನಕ್ಕು ಬೆಲೆ ಇಳಿಸಿದಳು. ಪಕ್ಕದಲ್ಲಿ ಕೇಳಿಸಿಕೊಂಡವರು ನಗಲಿಲ್ಲ. ಕಾವಿ ಉಟ್ಟವನು ಚೌಕಾಸಿಗಾಗಿ ಸುಳ್ಳು ಹೇಳುತ್ತಾನೆಂದು ಪಾಪ, ಯಾರಿಗೆ ಹೊಳೆಯಬೇಕು?

"ಬೆಲಿ ಇಳೀಲಿ ಅಂತ ಅಂದ್ನಿರಿ. ಎಲ್ಲಾರೂ ಅಂತಾರಲ್ರೀ."

ಅಜ್ಜಾರು ಎದ್ದು ಒಳಗೆ ಹೋದರು. ಆ ಸಂತೆಯಲ್ಲಿ ಕೊಂಡು ಹಾಗೇ ಎತ್ತಿಟ್ಟಿದ್ದ ತುಪ್ಪದ ಗಡಿಗೆಯನ್ನು ತಂದು ಅವನ ಮುಂದಿಟ್ಟರು.

"ತಿನ್ನು."

ಗದಿಗಯ್ಯ ಕೈ ಚಾಚಿದ. ಕೈ ಗಡಿಗೆಯ ಬಾಯಿಯ ಹತ್ತಿರ ನಿಂತುಬಿಟ್ಟಿತು.

"ಯಾಕೋ?"

"ಅಂಜಿಕಿ ಬರತೈತ್ರೀ ಅಜ್ಜಾರ. ಖರೇನ ಏನರೆ ಬೆರಸಿದ್ರ?"

"ಆ ಮಾತು ಹುಟ್ಟಿಸಿದವ ನೀನು. ನಿನಗ ಇಷ್ಟು ಅಂಜಿಕಿ ಆದ್ರ, ಕೇಳಿದವ್ರಿಗೆ ಎಷ್ಟಾಗಿರಬೇಕು?"

ಓಣಿಯ ಕಡೆಯಿಂದ ಕೂಗಾಟ ಕೇಳಿಸಿತು. ಯಾವುದೋ ಬಾಗಿಲಿಗೆ ಕಲ್ಲು ಬಿದ್ದ ಸದ್ದು.

"ನೀವು ಬರ್ರಿ ಅಜ್ಜಾರ. ನೀವು ಹೇಳಿದ್ರ ಮಂದಿ ನಂಬತಾರ."

"ನೀ ಹೇಳಿದ್ದು ನಂಬಿ ಆದದ್ದು ಸಾಕಾಗಿಲ್ಲೇನು?"

ಅಜ್ಜಾರು ಗಡಿಗೆಯನ್ನು ಅವನ ಕೈಗೆ ಕೊಟ್ಟು, ಅಗಳಿ ತೆಗೆದರು.

ಗದಿಗಯ್ಯ ಒಬ್ಬನೇ ಬಂದಾಗ ನೀಲವ್ವನ ಬಾಗಿಲು ಮುಚ್ಚಿತ್ತು. ಅಂಗಳದ ತುಂಬ ಜನ. ಎಲ್ಲರಿಗಿಂತ ಮುಂದೆ, ಡಬ್ಬಿ ತುಪ್ಪ ಮಾರುವ ಕಿರಾಣಿ ಅಂಗಡಿಯ ವಿರುಪಣ್ಣ. ಅವನಲ್ಲದೆ ಇನ್ಯಾರು ಇರುತ್ತಾರೆ!

"ಬಂದ್ರು ನೋಡ್ರಿ ಮಠದವ್ರು! ಹೇಳ್ರಿ ಸ್ವಾಮೇರ, ತುಪ್ಪ ಬೆರಕಿ ಹೌದಲ್ಲ?"

ಹೌದು ಅಂದರೆ ಗದಿಗಯ್ಯ ಪಾರು. ಸುಮ್ಮನೆ ತಲೆ ಆಡಿಸಿದ್ದರೂ ಸಾಕಿತ್ತು.

"ಅಲ್ಲ," ಎಂದ. "ನಾ ಸುಳ್ಳ ಹೇಳಿದ್ದೆ. ಬೆಲಿ ಇಳಸಾಕ."

ಗುಂಪಿನಲ್ಲಿ ಯಾರೋ, "ಆಕಿ ಎಷ್ಟು ಕೊಟ್ಟಳಂತ ಕೇಳ್ರಿ ಇವಗ!" ಎಂದರು.

ಮೊನ್ನೆ ಇದೇ ಬಾಯಿಯ ಮಾತನ್ನು ಪುರಾವೆಯಿಲ್ಲದೆ ನಂಬಿದ್ದ ಜನ ಇವರೇ. ಈಗ ಹತ್ತಿರ ಹತ್ತಿರ ಬಂದರು. ಒಂದು ಬಡಿಗೆ ಅವನ ಎದೆಗೆ ಒತ್ತಿತು.

ಗದಿಗಯ್ಯ ಗಡಿಗೆಗೆ ಕೈ ಹಾಕಿ ತುಪ್ಪ ತಿಂದ. ಮತ್ತೆ ತಿಂದ. ಬೀಳುತ್ತಾನೋ ಇಲ್ಲವೋ ಎಂದು ಜನ ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಅವನೂ ಅದನ್ನೇ ಕಾಯುತ್ತಿದ್ದ.

ಹೊತ್ತು ಇಳಿಯಿತು. ಅವನಿಗೆ ಏನೂ ಆಗಲಿಲ್ಲ. ವಾಂತಿ ಮಾಡಿಕೊಂಡಿದ್ದ ಕೂಸು ತಾಯಿಯ ಕಂಕುಳಲ್ಲಿ ಕೂತು ಭಜಿ ಬೇಕೆಂದು ಹಟ ಮಾಡುತ್ತಿತ್ತು.

ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ತಪ್ಪಾಯಿತು ಅಂತ ಒಬ್ಬನಾದರೂ ಅಂದನೆ? ಇಲ್ಲ. "ಈ ಗಡಿಗಿ ಒಂದು ಚಲೋದಿರಬೇಕು ಬಿಡ್ರಿ," ಎಂದು ವಿರುಪಣ್ಣ ಹೋಗುತ್ತಾ ಹೇಳಿದ. ನಾಲ್ಕು ಜನ ಹೌದೆಂದು ತಲೆಯಾಡಿಸಿದರು.

ಗದಿಗಯ್ಯ ಬಾಗಿಲು ತಟ್ಟಿದ. "ನೀಲವ್ವ, ನಾನವ್ವಾ, ಗದಿಗಯ್ಯ. ಎಲ್ಲಾರೂ ಹೋದ್ರು."

ಒಳಗಿನ ಅಗಳಿ ಸರಿಯಲಿಲ್ಲ.

ಮಠಕ್ಕೆ ಬಂದು ಅಜ್ಜಾರ ಕಾಲಿಗೆ ಬಿದ್ದ.

"ನನಗ ಮಾತಂದ್ರ ಅಂಜಿಕಿ ಆಗೈತ್ರೀ. ಇವತ್ತಿನಿಂದ ಮೌನ ಹಿಡೀತೇನ್ರಿ. ಅಪ್ಪಣಿ ಕೊಡ್ರಿ."

"ನೀಲವ್ವ ಉಂಡಾಳೇನು?"

"ಗೊತ್ತಿಲ್ರಿ. ಬಾಗಲಾ ತೆಗೀಲಿಲ್ಲ."

"ಮೌನ ಆಮ್ಯಾಲೆ ಹಿಡಿಯಂತಿ," ಎಂದರು ಅಜ್ಜಾರು. "ಸೋಮವಾರ ಸಂತಿಗೆ ಹೋಗು. ಆಕಿ ಬಾಜೂಕ ಕುಂತು, ತುಪ್ಪ ಚಲೋ ಐತಿ ಅಂತ ಕೂಗಿ ಮಾರು."

"ನನ್ನ ಮಾತು ಯಾರೂ ನಂಬೂದಿಲ್ರಿ ಅಜ್ಜಾರ."

"ಆಕಿಗೆ ಹೆಂಗ ಆಗಿರಬೇಕಂತ ಈಗ ಗೊತ್ತಾತಲ್ಲ. ಗಟ್ಟಿಯಾಗಿ ಕೂಗು."