ನಿದ್ದೆಗೆಟ್ಟ ದೊರೆಯ ಪ್ರಬಂಧ ಸ್ಪರ್ಧೆ

“ಕೇಳಿರಪ್ಪೋ ಕೇಳಿ! ಕೆಂಗಾವಿ ಸೀಮೆಯ ವಿದ್ಯಾರ್ಥಿಗಳೆಲ್ಲ ಕೇಳಿ! ನಿದ್ದೆ ಎಂದರೇನು ಎಂದು ಪ್ರಬಂಧ ಬರೆದು ನಾಳೆ ಬೆಳಗ್ಗೆ ಅರಮನೆಗೆ ತರತಕ್ಕದ್ದು. ತಂದವರಿಗೆ ದೊರೆ ರಣಭೈರವರಾಯರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಈ ದೊರೆಯ ಮೇಲೆ ನನಗೆ ಎಳ್ಳಷ್ಟೂ ಮರುಕವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಪಾಠಶಾಲೆಯಲ್ಲಿ ತೂಕಡಿಸುವುದು ರಾಜದ್ರೋಹ ಅಂತ ಕಾಯಿದೆ ಮಾಡಿದ ಮಹಾನುಭಾವ ಇವನು. ತೂಕಡಿಸಿದವರನ್ನು ಅರಮನೆಯ ಹಿತ್ತಲಿನ ಸೆರೆಮನೆಗೆ ತಳ್ಳಿ, ಅವರು ಕಣ್ಣು ಮುಚ್ಚದ ಹಾಗೆ ಎಂಟು ಜಾವವೂ ನಗಾರಿ ಬಾರಿಸಹಚ್ಚಿದ. ಒಂದು ತಿಂಗಳಿಂದ ಅವನಿಗೇ ನಿದ್ದೆಯಿಲ್ಲ. ಕೊನೆಗೆ ಬಂದ ಮುದಿ ವೈದ್ಯರೊಬ್ಬರು ಮೂರು ಒಗಟು ಹೇಳಿ, ಉತ್ತರದ ಓಲೆಯನ್ನು ಮಂತ್ರಿಯ ಕೈಗಿತ್ತು, “ಇವನ್ನು ಬಿಡಿಸಿದವರೇ ನಿಮಗೆ ನಿದ್ದೆ ಕೊಡುತ್ತಾರೆ” ಎಂದು ಹೋಗಿದ್ದರು. ತಪ್ಪಿದರೆ ತಲೆ ತೆಗೆಯಿರಿ ಅಂತ ವೈದ್ಯರು ಹೇಳಿರಲಿಲ್ಲ. ಅದು ದೊರೆಯ ಸ್ವಂತ ಬುದ್ಧಿ.

ಊರಿನ ತುದಿಯಲ್ಲಿ ಹಳೇ ಸೀರೆಗಳ ಕೌದಿ ಹೊಲಿಯುತ್ತ, ಅದೇ ಪಾಠಶಾಲೆಯಲ್ಲಿ ಓದುತ್ತಿದ್ದವಳು ತುಂಗವ್ವ. ಅವಳ ಅಣ್ಣ ಸಂಗಪ್ಪ ತೂಕಡಿಸಿ ಸಿಕ್ಕಿಬಿದ್ದು ಐದು ದಿನವಾಗಿತ್ತು. ಹಿಂದಿನ ದಿನ ನೋಡಲು ಹೋದಾಗ ಅವನಿಗೆ ತಂಗಿಯ ಹೆಸರೇ ನೆನಪಾಗಲಿಲ್ಲ. ಇನ್ನೆರಡು ದಿನ ಹೀಗೇ ಆದರೆ ಅಣ್ಣ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬೆಳಗಾಗುತ್ತಲೇ ಒಂದು ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಅರಮನೆಗೆ ನಡೆದಳು.

ಅವಳಿಗಿಂತ ಮುಂದೆ ಮಂತ್ರಿಯ ಮಗ ಜಯಕೀರ್ತಿ ನೂರು ಓಲೆಗರಿಯ ಪ್ರಬಂಧ ಹಿಡಿದು ನಿಂತಿದ್ದ. ದೊರೆ ಕೆಂಪು ಕಣ್ಣು ಬಿಟ್ಟು ಕೇಳಿದ, “ಮನೆಯವರೆಲ್ಲ ಮಲಗಿದ ಮೇಲೆ ಕೆಲಸಕ್ಕಿಳಿಯುವ ಆಳು ಯಾರು?”

“ಕಳ್ಳ, ಪ್ರಭು!”

“ಅಲ್ಲ,” ಎಂದ ಮಂತ್ರಿ, ಓಲೆ ನೋಡಿ. ಕೋಶಾಧಿಕಾರಿಯ ಮಗ ಬೊಮ್ಮರಸ “ಗೂಬೆ” ಎಂದ. ಅದೂ ಅಲ್ಲ. ಇಬ್ಬರನ್ನೂ ಕಂಬಕ್ಕೆ ಕಟ್ಟಿದರು, ಸಂಜೆಗೆ ತಲೆ ತೆಗೆಯುವುದು ಎಂದಾಯಿತು. ಹೆತ್ತ ಮಗನನ್ನು ಕಟ್ಟಿದರೂ ಆ ಮಂತ್ರಿ ತುಟಿ ಪಿಟಕ್ಕೆನ್ನಲಿಲ್ಲ. ಥೂ!

“ನಿನ್ನ ಪ್ರಬಂಧ ಎಲ್ಲಿ?” ಎಂದು ದೊರೆ ತುಂಗವ್ವನನ್ನು ಗದರಿದ.

ಅವಳು ಕೌದಿ ಹಾಸಿದಳು. “ಇದೇ ರೀ. ಹಗಲೆಲ್ಲ ಕಲಿತದ್ದು ಹರಕು ಬಟ್ಟೆಯ ಚೂರುಗಳ ಹಾಗೆ ತಲೆಯೊಳಗೆ ಬಿದ್ದಿರತದ. ಮಲಗಿದ ಮೇಲೆ ನೆನಪು ಕೂತು ಅದನ್ನೆಲ್ಲ ಹೊಲಿಯತದ. ನಿಮ್ಮ ಒಗಟಿನ ಆಳು ನೆನಪು. ಆ ಕೆಲಸ ನೀವು ನಿಲ್ಲಿಸಿದ್ದಕ್ಕೇ ನಮ್ಮಣ್ಣ ನನ್ನ ಹೆಸರು ಮರೆತಾನ.”

ಮಂತ್ರಿ ಓಲೆ ನೋಡಿ ಹೌದೆಂದು ತಲೆಯಾಡಿಸಿದ. ದೊರೆಯ ಹುಬ್ಬು ಗಂಟಿಕ್ಕಿತು. “ದಿನವಿಡೀ ತುಂಬುವ ಗಡಿಗೆ, ಬೋರಲು ಹಾಕಿದರೂ ಖಾಲಿಯಾಗದು, ಮುಚ್ಚಿದರೆ ಖಾಲಿಯಾಗುತ್ತದೆ. ಯಾವುದು?”

“ದಣಿವು. ಎದ್ದ ಗಳಿಗೆಯಿಂದ ತುಂಬತದ. ಕಣ್ಣು ಮುಚ್ಚಿದರಷ್ಟೇ ಬರಿದಾಗತದ. ನಮ್ಮ ಹುಡುಗರ ಗಡಿಗೆ ತುಂಬಿ ತುಳುಕಿ ಹೋಗೇದ, ನೀವು ಕಣ್ಣು ಮುಚ್ಚಗೊಡವಲ್ರಿ!”

“ನಾಲಿಗೆ ಬಿಗಿಹಿಡಿ!” ದೊರೆ ಎದ್ದು ನಿಂತ. “ಕೊನೆಯದು. ಹಂಸತೂಲಿಕಾತಲ್ಪವಿದೆ, ಬೀಸಣಿಗೆ ಬೀಸುವವರಿದ್ದಾರೆ. ನಿದ್ದೆ ಮಾಡು ಅಂತ ನನಗೆ ನಾನೇ ಆಜ್ಞೆ ಮಾಡುತ್ತೇನೆ. ಆದರೂ ಮಾಡಲಾಗದು. ಯಾಕೆ?”

ತುಂಗವ್ವನ ಸಿಟ್ಟು ನೆತ್ತಿಗೇರಿತು. “ಊಟ ಮಾಡಬಹುದು, ಯುದ್ಧ ಮಾಡಬಹುದು. ನಿದ್ದೆ ಯಾರು ಮಾಡತಾರ್ರೀ? ಅದು ಮಾಡೋದಲ್ಲ, ಬರೋದು! ನಿದ್ದೆ ಬಂತು ಅಂತೀವಿ, ಬರಲಿಲ್ಲ ಅಂತೀವಿ. ಬರೋದಕ್ಕೆ ದಾರಿ ಬಿಡಬೇಕು. ಆ ದಾರಿಯೊಳಗ ನಗಾರಿ ಇಟ್ಟವರು ಯಾರು? ಹಿತ್ತಲಿನ ಸದ್ದು ನಿಮ್ಮ ಕಿವಿಗೆ ಬೀಳೂದಿಲ್ಲೇನು? ನಿಲ್ಲಿಸ್ರಿ ಅದನ್ನ!”

ಸಭೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಒಬ್ಬನೂ ಬಾಯಿ ಬಿಟ್ಟಿರಲಿಲ್ಲ, ಹೇಡಿಗಳು. ಮಂತ್ರಿ ಓಲೆಯ ಕೊನೆಯ ಸಾಲು ಓದಿದ: “ನಿದ್ದೆ ಬರುವಂಥದು. ದಾರಿಗಡ್ಡ ಇರುವುದನ್ನು ತೆಗೆಯಿರಿ.”

ದೊರೆ ಕೈ ಎತ್ತಿದ. ನಗಾರಿ ನಿಂತಿತು.

“ಏನು ಬೇಕು ಕೇಳು,” ಎಂದ ದೊರೆ, ಸಿಂಹಾಸನಕ್ಕೆ ಒರಗಿ. “ಅರ್ಧ ರಾಜ್ಯ?”

“ನಿಮ್ಮ ರಾಜ್ಯ ಯಾರಿಗೆ ಬೇಕು! ಸೆರೆಯಲ್ಲಿದ್ದವರನ್ನೂ ಕಂಬಕ್ಕೆ ಕಟ್ಟಿದವರನ್ನೂ ಬಿಡ್ರಿ. ಆ ಕಾಯಿದೆ ಸುಡ್ರಿ. ನಗಾರಿ ಹರೀರಿ.”

“ಕೊಟ್ಟೆ...” ಎಂದವನೇ ದೊರೆ ಗೊರಕೆ ಹೊಡೆಯತೊಡಗಿದ.

ತುಂಗವ್ವ ಸೆರೆಮನೆಗೆ ಓಡಿದಳು. ಸಂಗಪ್ಪ ಬರಿ ನೆಲದ ಮೇಲೆ ಮಲಗಿಬಿಟ್ಟಿದ್ದ. ಅವನನ್ನು ಎತ್ತಿ ಹೊರಗೆ ಹಾಕಲು ಬಂದ ಕಾವಲುಗಾರನಿಗೆ “ಮುಟ್ಟಿ ನೋಡು!” ಎಂದು ಗುಡುಗಿ, ಅಣ್ಣನಿಗೆ ಕೌದಿ ಹೊದಿಸಿ ಪಕ್ಕದಲ್ಲಿ ಕೂತಳು.

ಮರುದಿನ ಮಧ್ಯಾಹ್ನ ಸಂಗಪ್ಪ ಕಣ್ಣು ಬಿಟ್ಟ. ಗಾಬರಿಯಿಂದ ಎದ್ದು ಕೂತು, ಎರಡೂ ಕೈ ಮುಂದೆ ಹಿಡಿದು, “ಇಲ್ಲ, ಇಲ್ಲ, ನಾ ಮಲಗಿರಲಿಲ್ಲ! ಸುಮ್ಮನೆ ಕಣ್ಣು ಮುಚ್ಚಿದ್ದೆ!” ಎಂದ. ಆಮೇಲೆ ಎದುರಿಗಿದ್ದವಳನ್ನು ದಿಟ್ಟಿಸಿ, “ತುಂಗಾ?” ಎಂದ.

ಇಷ್ಟು ದಿನ ಬಾರದ ಅಳು ಅವಳಿಗೆ ಆಗ ಬಂತು.

“ಮಲಗಿದ್ದಿ ಅಣ್ಣ,” ಎಂದಳು. “ಇನ್ನಷ್ಟು ಮಲಗು.”